ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಹೆಲ್ತ್ ಇನ್ಶೂರೆನ್ಸ್ ಯಾವುದು? ಪಬ್ಲಿಕ್ ತಗೊಂಡವನ ಅನುಭವ

ಜರ್ಮನಿಗೆ ಬರುವ ನಮ್ಮವರು ಮೊದಲು ಕೇಳೋದು ಮನೆ ಬಾಡಿಗೆ ಎಷ್ಟು ಅಂತ. ಅದಾದ ಮೇಲೆ ಕೇಳೋದು, ಇನ್ಶೂರೆನ್ಸ್ ಪಬ್ಲಿಕ್ ತಗೊಳ್ಳೋದಾ, ಪ್ರೈವೇಟಾ ಅಂತ. ನಾನು 2025ರ ಶುರುವಿನಲ್ಲಿ ಬೆಂಗಳೂರಿನಿಂದ ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗನ್‌ಗೆ ಬಂದವನು. ಕಾರಿನ ಬ್ರೇಕ್‌ಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ವಯಸ್ಸು 36. ಜೊತೆಗೆ ಹೆಂಡತಿ, ನಾಲ್ಕು ವರ್ಷದ ಮಗಳು. ಪಬ್ಲಿಕ್ ತಗೊಂಡೆ. ವರ್ಷದ ಮೇಲಾಯಿತು. ಸಣ್ಣ ಜ್ವರದಿಂದ ಹಿಡಿದು ಆಪರೇಷನ್‌ವರೆಗೆ ಎಲ್ಲಕ್ಕೂ ಬಳಸಿ ನೋಡಿದ್ದೇವೆ. ನನ್ನ ವಿಮಾ ಸಂಸ್ಥೆ ಯಾವುದು ಅಂತ ಮಾತ್ರ ಹೇಳಲ್ಲ. ಅದು ನೀವಂದುಕೊಂಡಷ್ಟು ದೊಡ್ಡ ವಿಷಯ ಅಲ್ಲ, ಯಾಕೆ ಅಂತ ಮುಂದೆ ಬರುತ್ತೆ.

ಇಲ್ಲಿ ಸಾರ್ವಜನಿಕ ವಿಮೆ ನಡೆಸುವ ಸಂಸ್ಥೆಗೆ ಕ್ರಾಂಕನ್‌ಕಾಸೆ ಅನ್ನುತ್ತಾರೆ. ನಮ್ಮವರ ಬಾಯಲ್ಲಿ ಬರೀ ಕಾಸೆ. ಟೆಕ್ನಿಕರ್, ಎಒಕೆ, ಬಾರ್ಮರ್, ಡಿಎಕೆ ಹೀಗೆ 90ಕ್ಕೂ ಹೆಚ್ಚಿವೆ. ಇದು ಸರ್ಕಾರಿ ಆಸ್ಪತ್ರೆ ಥರ ಅಂದುಕೊಳ್ಳಬೇಡಿ. ಆಸ್ಪತ್ರೆ, ಡಾಕ್ಟರು ಬೇರೆ, ದುಡ್ಡು ಕೊಡುವ ಕಾಸೆ ಬೇರೆ. ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರಿಗೆ ಅಂತ ಮಾಡಿದ ಕಾನೂನಿನಿಂದ ಬೆಳೆದು ಬಂದ ವ್ಯವಸ್ಥೆ ಇದು.

ಮೊದಲು ತಿಳಿಯಬೇಕಾದ್ದು: ನಿಮಗೆ ಆಯ್ಕೆ ಇದೆಯೋ ಇಲ್ಲವೋ. ನೌಕರಿಯಲ್ಲಿ ಇರುವವರ ವರ್ಷದ ಸಂಬಳ ಒಂದು ಮಿತಿ ದಾಟಿದರೆ ಮಾತ್ರ ಪ್ರೈವೇಟ್‌ಗೆ ಹೋಗಬಹುದು. 2025ರಲ್ಲಿ ಆ ಮಿತಿ 73,800 ಯೂರೋ, 2026ಕ್ಕೆ 77,400. ಅದಕ್ಕಿಂತ ಕಮ್ಮಿ ಇದ್ದರೆ ಪಬ್ಲಿಕ್ಕೇ ಗತಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಆಫರ್ 78,000. ಅಂದರೆ ಗೆರೆ ದಾಟಿ ಒಂದು ಹೆಜ್ಜೆ ಆಚೆ. ಹಾಗಾಗಿ ಬ್ರೋಕರ್ ಕಣ್ಣಿಗೆ ಬಿದ್ದೆ.

ಬ್ರೋಕರ್ ಇಂಡಿಯಾದವನೇ, ಹಿಂದಿಯಲ್ಲಿ ಜೇನು ಸುರಿಸಿದ. "ನೀವು ಪಬ್ಲಿಕ್‌ಗೆ ತಿಂಗಳಿಗೆ ಐನೂರು ಚಿಲ್ಲರೆ ಕೊಡ್ತೀರಾ, ಪ್ರೈವೇಟ್‌ನಲ್ಲಿ ನಿಮ್ಮ ಪಾಲು ಮುನ್ನೂರಕ್ಕೆ ಮುಗಿಯುತ್ತೆ" ಅಂದ. ಸುಳ್ಳಲ್ಲ. ನನಗೊಬ್ಬನಿಗೆ ಕೊಟ್ಟ ದರ ಸುಮಾರು 600, ಅದರಲ್ಲಿ ಅರ್ಧ ಕಂಪನಿಯದು. ಡಾಕ್ಟರ್ ಹತ್ತಿರ ಬೇಗ ಅಪಾಯಿಂಟ್‌ಮೆಂಟ್, ಆಸ್ಪತ್ರೆಯಲ್ಲಿ ಒಂಟಿ ರೂಮು. ಕೇಳೋಕೆ ಚೆನ್ನಾಗಿತ್ತು. "ಹೆಂಡತಿ, ಮಗಳನ್ನೂ ಸೇರಿಸಿ ಲೆಕ್ಕ ಹೇಳಿ" ಅಂದೆ. ಹೆಂಡತಿಗೆ 550ರ ಹತ್ತಿರ, ಮಗಳಿಗೆ 170ರ ಹತ್ತಿರ. ಹೆಂಡತಿಗೆ ಥೈರಾಯ್ಡ್ ಮಾತ್ರೆ ನಡೀತಿದೆ ಅಂದ ತಕ್ಷಣ "ಅದಕ್ಕೆ ಸ್ವಲ್ಪ ಜಾಸ್ತಿ ಆಗಬಹುದು" ಅಂದ. ಒಟ್ಟು 1,320 ದಾಟಿತು. ಕಂಪನಿ ಕೊಡುವ ಪಾಲಿಗೆ ಮಿತಿ ಇದೆ. 2025ರಲ್ಲಿ ಆರೋಗ್ಯ ವಿಮೆಗೆ ತಿಂಗಳಿಗೆ ಹೆಚ್ಚೆಂದರೆ 471 ಯೂರೋ. ಉಳಿದ 850 ನನ್ನ ಜೇಬಿನಿಂದ.

ಈಗ ಪಬ್ಲಿಕ್ ಲೆಕ್ಕ ನೋಡಿ. ಸಂಬಳದ 14.6 ಪರ್ಸೆಂಟ್ ಮೂಲ ದರ. ಅದರ ಮೇಲೆ ಪ್ರತಿ ಕಾಸೆಯೂ ತನ್ನದೊಂದು ಹೆಚ್ಚುವರಿ ದರ ಹಾಕುತ್ತದೆ, 2025ಕ್ಕೆ ಸರ್ಕಾರ ಗೊತ್ತುಮಾಡಿದ ಸರಾಸರಿ 2.5. ಎರಡೂ ಸೇರಿ 17.1. ಅರ್ಧ ಕಂಪನಿ, ಅರ್ಧ ನಾವು. ಆದರೆ ಪೂರ್ತಿ ಸಂಬಳದ ಮೇಲೆ ಹಾಕಲ್ಲ. 2025ರಲ್ಲಿ ತಿಂಗಳಿಗೆ 5,512.50 ಯೂರೋವರೆಗೆ ಮಾತ್ರ. ನನ್ನ ತಿಂಗಳ ಸಂಬಳ 6,500, ಹಾಗಾಗಿ ಮೇಲಿನ ಸಾವಿರ ಚಿಲ್ಲರೆಗೆ ಏನೂ ಇಲ್ಲ. ನನ್ನ ಪಾಲು 471. ಇದರ ಜೊತೆಗೆ ವಯಸ್ಸಾದಾಗ, ಕೈಲಾಗದಾಗ ನೋಡಿಕೊಳ್ಳೋಕೆ ಅಂತ ಫ್ಲೇಗೆ ಅನ್ನುವ ಇನ್ನೊಂದು ವಿಮೆ ಕಡ್ಡಾಯ. ಒಂದು ಮಗು ಇರೋರಿಗೆ 1.8 ಪರ್ಸೆಂಟ್, ನನಗೆ ಸುಮಾರು 99. ಮಕ್ಕಳಿಲ್ಲದ 23 ದಾಟಿದವರಿಗೆ ಇನ್ನೂ 0.6 ಜಾಸ್ತಿ. ಇದನ್ನು ಕೇಳಿ ನನ್ನ ಬ್ಯಾಚುಲರ್ ಕಲೀಗ್ ಇವತ್ತಿಗೂ ಗೊಣಗುತ್ತಾನೆ. ಎಲ್ಲ ಸೇರಿ ನನಗೆ ತಿಂಗಳಿಗೆ 570. ಈ 570ರಲ್ಲಿ ಹೆಂಡತಿಯೂ ಬಂದಳು, ಮಗಳೂ ಬಂದಳು. ಕೆಲಸವಿಲ್ಲದ ಅಥವಾ ತೀರಾ ಕಮ್ಮಿ ಆದಾಯದ ಗಂಡ ಅಥವಾ ಹೆಂಡತಿ, ಜೊತೆಗೆ ಮಕ್ಕಳು, ಇವರಿಗೆ ಒಂದು ಸೆಂಟೂ ಹೆಚ್ಚಿಗೆ ಇಲ್ಲ. ನಾಳೆ ಇನ್ನೊಂದು ಮಗುವಾದರೆ ಅದಕ್ಕೂ ಕಂತಿಲ್ಲ. ಥೈರಾಯ್ಡ್ ಇದೆಯಾ, ಬೆನ್ನುನೋವಿದೆಯಾ ಅಂತ ಯಾರೂ ಕೇಳಲಿಲ್ಲ.

ಬ್ರೋಕರ್ ತಾನಾಗಿ ಹೇಳದೆ ಬಿಟ್ಟ ಮಾತು ಇನ್ನೊಂದಿದೆ. ಪ್ರೈವೇಟ್‌ಗೆ ಹೋದ ಮೇಲೆ ಮನಸ್ಸು ಬಂದಾಗ ವಾಪಸ್ ಬರೋಕಾಗಲ್ಲ. ಸಂಬಳ ಆ ಮಿತಿಗಿಂತ ಕೆಳಗೆ ಇಳಿದರೆ ಪಬ್ಲಿಕ್‌ಗೆ ಬರಬಹುದು, ಆದರೆ 55 ದಾಟಿದ ಮೇಲೆ ಆ ಬಾಗಿಲೂ ಹೆಚ್ಚುಕಮ್ಮಿ ಮುಚ್ಚಿದ ಹಾಗೆ. ಪ್ರೈವೇಟ್ ಕಂತಿಗೂ ನಿಮ್ಮ ಸಂಬಳಕ್ಕೂ ಸಂಬಂಧವೇ ಇಲ್ಲ. ಒಂದೇ ವರ್ಷದಲ್ಲಿ ಮಿತಿ 73,800ರಿಂದ 77,400ಕ್ಕೆ ಏರಿತು, ನನ್ನ ಸಂಬಳ ಅದರ ಮೇಲೆ ಬರೀ 600 ಯೂರೋ ಉಳಿದಿದೆ. ಇಂಥ ಅಂಚಿನಲ್ಲಿ ನಿಂತು ಪ್ರೈವೇಟ್ ತಗೊಳ್ಳೋದು ನನಗೆ ಸರಿ ಕಾಣಲ್ಲ. ಒಂದು ಪಾಲಿಸಿ ಮಾಡಿಸಿದರೆ ಬ್ರೋಕರ್‌ಗೆ ಹಲವು ತಿಂಗಳ ಕಂತಿನಷ್ಟು ಕಮಿಷನ್ ಸಿಗುತ್ತೆ. ಅವನ ಪ್ರೀತಿಗೆ ಅದೂ ಒಂದು ಕಾರಣ.

ಇನ್ನು ಪಬ್ಲಿಕ್ ಒಳಗೆ ಯಾವ ಕಾಸೆ? ಕೊಡಲೇಬೇಕಾದ ಸವಲತ್ತನ್ನು ಕಾನೂನೇ ಬರೆದಿಟ್ಟಿದೆ, ಸುಮಾರು 95 ಪರ್ಸೆಂಟ್ ಎಲ್ಲ ಕಡೆ ಒಂದೇ. ವ್ಯತ್ಯಾಸ ಇರೋದು ಹೆಚ್ಚುವರಿ ದರದಲ್ಲಿ ಮತ್ತು ಚಿಲ್ಲರೆ ಸವಲತ್ತುಗಳಲ್ಲಿ. ನಾನು ಮೂರು ವಿಷಯ ನೋಡಿದೆ. ಫೋನಿನಲ್ಲಿ ಇಂಗ್ಲಿಷ್ ಮಾತಾಡೋರು ಸಿಗ್ತಾರಾ? ಹಲ್ಲು ಕ್ಲೀನಿಂಗ್‌ಗೆ ಏನಾದರೂ ವಾಪಸ್ ಕೊಡ್ತಾರಾ? ಊರಿಗೆ ಹೋಗುವ ಮುಂಚೆ ಹಾಕಿಸಿಕೊಳ್ಳುವ ಟೈಫಾಯ್ಡ್, ಹೆಪಟೈಟಿಸ್ ಲಸಿಕೆಗೆ ದುಡ್ಡು ಬರುತ್ತಾ? ಮೂರಕ್ಕೂ ಹೌದು ಅಂದವರ ಕಡೆ ಹೋದೆ. ಆಫೀಸಿನಲ್ಲಿ ಯಾರಾದರೂ "ನನ್ನ ಲಿಂಕ್‌ನಿಂದ ಸೇರ್ಕೊಳ್ಳಿ" ಅಂದರೆ ಅವರಿಗೆ ಸ್ವಲ್ಪ ಬಹುಮಾನ ಬರುತ್ತೆ ಅಂತ ತಿಳಿಯಿರಿ. ತಪ್ಪೇನಿಲ್ಲ, ಒಂದು ಕಾಫಿ ಕೊಡಿಸಿ ಅಂತ ಕೇಳಬಹುದು.

ನನ್ನ ಸದಸ್ಯತ್ವ ಆನ್‌ಲೈನ್‌ನಲ್ಲೇ ಸಲೀಸಾಗಿ ಆಯಿತು. ಹೆಂಡತಿಯದ್ದು ಮಾತ್ರ ರಗಳೆ. ನಮ್ಮ ಕಡೆಯ ಹೆಸರುಗಳು ಗೊತ್ತಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದದ್ದರಿಂದ ನನ್ನ ಸರ್‌ನೇಮ್ ಜಾಗದಲ್ಲಿ ತಿಪಟೂರು ತಾಲ್ಲೂಕಿನ ನಮ್ಮೂರ ಹೆಸರು ಕೂತಿದೆ, ಅವಳದರಲ್ಲಿ ಅವರಪ್ಪನ ಹೆಸರು. ಇಲ್ಲಿಯವರ ಫಾರ್ಮ್ ಪ್ರಕಾರ ಗಂಡ ಹೆಂಡತಿಯ ಸರ್‌ನೇಮ್ ಬೇರೆ ಇದ್ದರೆ ಮದುವೆ ಸರ್ಟಿಫಿಕೇಟ್ ಕೊಡಬೇಕು. ಕೊಟ್ಟೆ. ಅನುವಾದ ಬೇಕು ಅಂದರು. ಕೊಟ್ಟೆ. ಮತ್ತೊಂದು ಕಾಗದ ಬಂತು, ಮಗಳ ಜನನ ಪತ್ರ ಕಳಿಸಿ ಅಂತ. ಮೂವರಿಗೂ ಕಾರ್ಡ್ ಬರೋ ಹೊತ್ತಿಗೆ ಚಳಿ ಕಳೆದು ಮರಗಳು ಚಿಗುರಿದ್ದವು. ಫೋನಿನಲ್ಲಿ ಇಂಗ್ಲಿಷ್ ಇದೆ, ಆಪ್‌ನಲ್ಲೂ ಇದೆ, ಅಂಚೆಯಲ್ಲಿ ಬರೋ ಕಾಗದ ಮಾತ್ರ ಶುದ್ಧ ಜರ್ಮನ್. ಅಂದಹಾಗೆ ಮನೆ ಕೆಳಗಿನ ಅಂಚೆ ಡಬ್ಬಿಗೆ ನಿಮ್ಮೆಲ್ಲರ ಸರ್‌ನೇಮ್ ಅಂಟಿಸಿ. ಇಲ್ಲದಿದ್ದರೆ ಕಾರ್ಡ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ.

ಬಳಸಿದಾಗ ಹೇಗಿತ್ತು ಅಂದರೆ, ದೊಡ್ಡ ವಿಷಯಕ್ಕೆ ಹತ್ತಕ್ಕೆ ಹತ್ತು, ಸಣ್ಣ ವಿಷಯಕ್ಕೆ ಹತ್ತಕ್ಕೆ ಐದು.

ದೊಡ್ಡದು ಹೇಳ್ತೀನಿ. ಒಂದು ರಾತ್ರಿ ಹೆಂಡತಿಗೆ ಹೊಟ್ಟೆನೋವು ತಡೆಯೋಕಾಗದಷ್ಟು ಬಂತು. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಪಿತ್ತಕೋಶದಲ್ಲಿ ಕಲ್ಲು, ಮಾರನೇ ದಿನವೇ ಲ್ಯಾಪರೋಸ್ಕೋಪಿ (ಸಣ್ಣ ತೂತಿನ ಆಪರೇಷನ್) ಮಾಡಿ ತೆಗೆದರು. ಮೂರು ರಾತ್ರಿ ಇದ್ದಳು. ಬೆಂಗಳೂರಿನಲ್ಲಿ ಅಡ್ಮಿಟ್ ಆದವರಿಗೆ ಡಿಸ್ಚಾರ್ಜ್ ದಿನದ ಕಥೆ ಗೊತ್ತು. ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೆ ಹೋಗಬಹುದು ಅಂತಾರೆ, ವಿಮೆ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಕಂಪನಿಯ ಅಪ್ರೂವಲ್ ಸಂಜೆ ಆರಾದರೂ ಬಂದಿರಲ್ಲ. ಬಂದರೆ ರೂಮ್ ರೆಂಟ್ ಮಿತಿ ದಾಟಿದೆ, ಗ್ಲೌಸ್, ಹತ್ತಿ ಕವರ್ ಆಗಲ್ಲ, ಇಷ್ಟು ಸಾವಿರ ಕಟ್ಟಿ ಅನ್ನೋ ಪಟ್ಟಿ. ಇಲ್ಲಿ ಬಿಲ್ಲಿಂಗ್ ಕೌಂಟರ್ ಎಲ್ಲಿದೆ ಅಂತ ಹುಡುಕಿದೆ. ನರ್ಸ್ ನನ್ನನ್ನೇ ವಿಚಿತ್ರವಾಗಿ ನೋಡಿದರು. ಕಾರ್ಡ್ ಮೊದಲೇ ತೋರಿಸಿದ್ದೀರಲ್ಲ, ಹೊರಡಿ ಅಂದರು. ಆಮೇಲೆ ಮನೆಗೆ 40 ಯೂರೋ ಬಿಲ್ ಬಂತು. ದಿನಕ್ಕೆ 10 ಯೂರೋ ನಾವು ಕೊಡಬೇಕು, ವರ್ಷಕ್ಕೆ ಹೆಚ್ಚೆಂದರೆ 28 ದಿನ. ಸೇರಿದ ದಿನ, ಬಿಟ್ಟ ದಿನ ಎರಡೂ ಲೆಕ್ಕಕ್ಕೆ. ಅಷ್ಟೇ, ಬೇರೇನೂ ಕೊಡಲಿಲ್ಲ. ರೂಮಿನಲ್ಲಿ ಇನ್ನಿಬ್ಬರು ಇದ್ದರು. ರಾತ್ರಿ ಊಟಕ್ಕೆ ತಣ್ಣನೆ ಬ್ರೆಡ್ಡು, ಚೀಸು. ನಾನು ಫ್ಲಾಸ್ಕ್‌ನಲ್ಲಿ ತಿಳಿಸಾರು ತಗೊಂಡು ಹೋದೆ. ಪಕ್ಕದ ಹಾಸಿಗೆಯ ಅಜ್ಜಿಗೂ ಒಂದು ಲೋಟ ಹೋಯಿತು.

ಮಗಳ ವಿಷಯದಲ್ಲೂ ದೂರಿಲ್ಲ. ಲಸಿಕೆ, ಬೆಳವಣಿಗೆಯ ಚೆಕಪ್ ಎಲ್ಲ ಕಾಸೆಯದೇ ಖರ್ಚು. 18 ತುಂಬುವವರೆಗೆ ಡಾಕ್ಟರ್ ಬರೆದ ಔಷಧಿಗೆ ಕೈಯಿಂದ ಕೊಡುವ ಪಾಲೂ ಇಲ್ಲ. ದೊಡ್ಡವರಾದರೆ ಒಂದು ಔಷಧಿಗೆ 5ರಿಂದ 10 ಯೂರೋ. ಹುಷಾರಿಲ್ಲದೆ ಮಲಗಿದರೆ ಆರು ವಾರ ಕಂಪನಿ ಪೂರ್ತಿ ಸಂಬಳ ಕೊಡುತ್ತದೆ. ಆಮೇಲೂ ಏಳಲಿಲ್ಲ ಅಂದರೆ ಕಾಸೆ ಸಂಬಳದ ಸುಮಾರು 70 ಪರ್ಸೆಂಟ್ ಕೊಡುತ್ತದೆ. ಅದಕ್ಕೂ ಒಂದು ಮೇಲ್ಮಿತಿ ಇದೆ ಅನ್ನಿ. ಇದು ನನಗೆ ಬೇಕಾಗಿಲ್ಲ, ಬೇಕಾಗದೇ ಇರಲಿ.

ಸಣ್ಣ ವಿಷಯಕ್ಕೆ ಬರೋಣ. ನನ್ನ ಕೈ ಮೇಲೆ ಕೆಂಪು ಕಜ್ಜಿ ಎದ್ದಿತು. ಚರ್ಮದ ಡಾಕ್ಟರ್ ಬೇಕು. ಫೋನ್ ಮಾಡಿದರೆ ಮೊದಲ ಪ್ರಶ್ನೆ "ಗೆಸೆಟ್ಸ್‌ಲಿಖ್ ಓಡರ್ ಪ್ರಿವಾಟ್?" ಪಬ್ಲಿಕ್ಕಾ ಪ್ರೈವೇಟಾ ಅಂತ. ಏನಾಗಿದೆ ಅಂತ ಆಮೇಲೆ ಕೇಳ್ತಾರೆ. ಪಬ್ಲಿಕ್ ಅಂದರೆ ನಾಲ್ಕು ತಿಂಗಳು, ಇಲ್ಲವೇ "ಹೊಸ ಪೇಷಂಟ್ ತಗೊಳ್ಳಲ್ಲ". ಅದೇ ಕ್ಲಿನಿಕ್‌ನಲ್ಲಿ ಪ್ರೈವೇಟ್‌ನವನಾದ ನನ್ನ ಮ್ಯಾನೇಜರ್‌ಗೆ ಮುಂದಿನ ವಾರ ಸಿಕ್ಕಿತು. ಸಿಟ್ಟು ಬರುತ್ತೆ ಅಲ್ವಾ? ನನಗೂ ಬಂತು. ಇದಕ್ಕೆ ಒಂದು ದಾರಿ ಇದೆ. ನಿಮ್ಮ ಮಾಮೂಲಿ ಡಾಕ್ಟರ್, ಇಲ್ಲಿ ಹೌಸ್‌ಆರ್ಟ್ಸ್ಟ್ ಅನ್ನುತ್ತಾರೆ, ಬೇಗ ನೋಡಬೇಕಾದ ಕೇಸ್ ಅಂತ ಚೀಟಿ ಬರೆದು ಕೋಡ್ ಹಾಕಿಕೊಟ್ಟರೆ 116117 ಅನ್ನುವ ಫೋನ್ ಸೇವೆಯ ಮೂಲಕ ನಾಲ್ಕು ವಾರದೊಳಗೆ ಅಪಾಯಿಂಟ್‌ಮೆಂಟ್ ಕೊಡಿಸಬೇಕು. ನನಗೂ ಹಾಗೇ ಸಿಕ್ಕಿತು, ಆದರೆ ಬೇರೆ ಊರಿನಲ್ಲಿ, ಎರಡು ಟ್ರೈನ್ ಬದಲಾಯಿಸಿ. ಅದಕ್ಕೇ ಬಂದ ಮೊದಲ ವಾರವೇ, ಹುಷಾರಾಗಿರುವಾಗಲೇ, ಒಬ್ಬ ಹೌಸ್‌ಆರ್ಟ್ಸ್ಟ್ ಹಿಡಿದಿಟ್ಟುಕೊಳ್ಳಿ. ಹೊಸಬರನ್ನು ಸೇರಿಸಿಕೊಳ್ಳುವವರು ಸಿಗೋದೇ ಕಷ್ಟ.

ಹಲ್ಲು, ಕನ್ನಡಕ ಎರಡೂ ಕೊರತೆಯೇ. ಹಲ್ಲಿನ ಕ್ರೌನ್‌ಗೆ ಗೊತ್ತುಮಾಡಿದ ಸಾಧಾರಣ ಖರ್ಚಿನ 60 ಪರ್ಸೆಂಟ್ ಮಾತ್ರ. ಐದು ವರ್ಷ ತಪ್ಪದೆ ಚೆಕಪ್ ಮಾಡಿಸಿ ಬೋನಸ್ ಪುಸ್ತಕದಲ್ಲಿ ಗುರುತು ಹಾಕಿಸಿದ್ದರೆ 70. ಕನ್ನಡಕಕ್ಕೆ ಮಾಮೂಲಿ ಪವರ್ ಇರೋ ದೊಡ್ಡವರಿಗೆ ಏನೂ ಇಲ್ಲ. ನಾನು ರಜೆಗೆ ಹೋದಾಗ ಗಾಂಧಿ ಬಜಾರ್‌ನಲ್ಲಿ ಮಾಡಿಸಿಕೊಂಡು ಬಂದೆ.

ರಜೆ ಅಂದಾಗ ನೆನಪಾಯಿತು. ಈ ಕಾರ್ಡ್ ಇಂಡಿಯಾದಲ್ಲಿ ನಡೆಯಲ್ಲ. ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಹುಷಾರು ತಪ್ಪಿದರೆ ನೋಡ್ತಾರೆ, ತಿಪಟೂರಿನಲ್ಲಿ ಡೆಂಗಿ ಬಂದರೆ ನಮ್ಮದೇ ಖರ್ಚು. ಅದಕ್ಕೆ ವರ್ಷದ ಪ್ರಯಾಣ ವಿಮೆ ಬೇರೆ ಮಾಡಿಸಬೇಕು. ಬೆಲೆ ದೊಡ್ಡದಲ್ಲ, ಆದರೆ ಒಂದು ಸಲ ಹೋದರೆ ಎಷ್ಟು ದಿನ ಕವರ್ ಅಂತ ನೋಡಿಕೊಳ್ಳಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ.

ನನಗೆ ನಿಜವಾಗಿ ಚುಚ್ಚೋದು ಅಪ್ಪ ಅಮ್ಮನ ವಿಷಯ. ಬೆಂಗಳೂರಿನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಇಬ್ಬರೂ ಇದ್ದರು. ರಾಜೀನಾಮೆ ಕೊಟ್ಟೆ, ಅದೂ ಹೋಯಿತು. ಇಲ್ಲಿಯ ಫ್ಯಾಮಿಲಿ ಕವರ್‌ನಲ್ಲಿ ಅಪ್ಪ ಅಮ್ಮನಿಗೆ ಜಾಗವಿಲ್ಲ. ಅಪ್ಪನಿಗೆ 68, ಶುಗರ್, ಬಿಪಿ ಎರಡೂ ಇದೆ. ಹೊಸ ಪಾಲಿಸಿಗೆ ಕಂತು ಕೇಳಿ ಅವರೇ ಬೇಡ ಅಂದರು. "ಸೊಸೈಟಿ ಮೆಂಬರ್ ಅಂತ ಯಶಸ್ವಿನಿ ಕಾರ್ಡ್ ಇದೆಯಲ್ಲೋ" ಅನ್ನುತ್ತಾರೆ. ಆ ಯೋಜನೆ 2003ರಲ್ಲಿ ಶುರುವಾಗಿ, ಮಧ್ಯೆ ನಿಂತು, ಮತ್ತೆ ಬಂದಿದೆ. ಇರಲಿ, ಆದರೆ ಅದೊಂದನ್ನೇ ನಂಬಿ ಕೂರೋಕೆ ನನಗೆ ಧೈರ್ಯವಿಲ್ಲ. ಜಗಳ ಮಾಡಿ ಬೇರೆ ಪಾಲಿಸಿ ಮಾಡಿಸಿದೆ. ನೀವು ಇನ್ನೂ ರಾಜೀನಾಮೆ ಕೊಟ್ಟಿಲ್ಲದಿದ್ದರೆ, ಗ್ರೂಪ್ ಪಾಲಿಸಿ ಇರುವಾಗಲೇ ಅವರಿಗೆ ಸ್ವಂತ ಪಾಲಿಸಿ ಶುರು ಮಾಡಿ. ಹಳೇ ಕಾಯಿಲೆಗಳಿಗೆ ಕವರ್ ಶುರುವಾಗೋಕೆ ಕಾಯಬೇಕಾದ ವೇಯ್ಟಿಂಗ್ ಪೀರಿಯಡ್ ಅಷ್ಟಾದರೂ ಕಳೆಯುತ್ತೆ. ಅವರು ಇಲ್ಲಿಗೆ ನೋಡೋಕೆ ಬರುವಾಗ ವೀಸಾಕ್ಕೆ ಕಮ್ಮಿ ಅಂದರೂ 30,000 ಯೂರೋ ಕವರ್ ಇರುವ ಪ್ರಯಾಣ ವಿಮೆ ಬೇಕು. ಅದರಲ್ಲೂ ಹಳೇ ಕಾಯಿಲೆಗೆ ಏನು ಬರೆದಿದ್ದಾರೆ ಅಂತ ಸಣ್ಣ ಅಕ್ಷರ ಓದಿ.

ಒಬ್ಬರೇ ಇದ್ದೀರಿ, ಸಂಬಳ ಮಿತಿಗಿಂತ ತುಂಬಾ ಮೇಲಿದೆ, ಎರಡು ಮೂರು ವರ್ಷಕ್ಕೆ ವಾಪಸ್ ಹೋಗೋದು ಖಾತ್ರಿ. ಅಂಥವರು ಪ್ರೈವೇಟ್ ತಗೊಂಡರೆ ನಾನು ಬೇಡ ಅನ್ನಲ್ಲ, ಆ ದುಡ್ಡು ಉಳಿಯುತ್ತೆ. ಆದರೆ ಎರಡು ಮೂರು ವರ್ಷ ಅಂತ ಬಂದವರು ಇಲ್ಲೇ ಹದಿನೈದು ವರ್ಷ ಕಳೆದಿರೋದನ್ನ ಸ್ಟುಟ್‌ಗಾರ್ಟ್‌ನ ಯುಗಾದಿ ಊಟದ ಸಾಲಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

2026ಕ್ಕೆ ದರ ಏರಿದೆ. ಸರಾಸರಿ ಹೆಚ್ಚುವರಿ ದರ 2.9 ಆಯಿತು, ಲೆಕ್ಕ ಹಾಕುವ ಸಂಬಳದ ಮಿತಿಯೂ 5,812.50ಕ್ಕೆ ಹೋಯಿತು. ಸರಾಸರಿ ಲೆಕ್ಕದಲ್ಲಿ ನನ್ನಂಥವನ ಪಾಲು ಫ್ಲೇಗೆ ಸೇರಿ 613. ಕಾಸೆ ದರ ಏರಿಸಿದಾಗ ಹನ್ನೆರಡು ತಿಂಗಳು ಕಾಯದೆ ಬೇರೆ ಕಡೆ ಹೋಗುವ ಹಕ್ಕಿದೆ. ಹಾಗಾಗಿ ಒಂದು ಭಾನುವಾರ ಕೂತು ಎಲ್ಲರ ದರ ಹೋಲಿಸಿದೆ. 0.3 ಪರ್ಸೆಂಟ್ ಕಮ್ಮಿ ಇರೋದೊಂದು ಸಿಕ್ಕಿತು. ತಿಂಗಳಿಗೆ ನನಗೆ ಉಳಿಯೋದು ಒಂಬತ್ತು ಯೂರೋಗೂ ಕಮ್ಮಿ. ಹೆಂಡತಿ ಲ್ಯಾಪ್‌ಟಾಪ್ ಕಡೆ ಇಣುಕಿ, "ರೀ, ಮದುವೆ ಸರ್ಟಿಫಿಕೇಟ್ ಮತ್ತೆ ನೀವೇ ಕಳಿಸ್ತೀರಾ ತಾನೆ?" ಅಂದಳು. ಈ ವರ್ಷಕ್ಕೂ ಅದೇ ಕಾಸೆ.