ಹುಡುಕುವ ಆಟವೋ, ಬಡಿಸುವ ಆಟವೋ: ನಾಲ್ಕನ್ನು ಆಡಿ ನೋಡಿದ ಹೋಲಿಕೆ

ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಮೊಬೈಲಿನಲ್ಲಿ ಉಳಿದ ಚಾರ್ಜಿನಲ್ಲಿ ಅರ್ಧ ತಾಸು ಆಡುವುದಾದರೆ ಯಾವ ಆಟ ತೆರೆಯಬೇಕು? ಹಗುರ ಆಟಗಳ ಎರಡು ಬಗೆಯನ್ನು ಇಲ್ಲಿ ಎದುರುಬದುರು ಇಟ್ಟಿದೆ. ಒಂದು, ಚಿತ್ರದೊಳಗೆ ಅಡಗಿದ ಸಾಮಾನು ಹುಡುಕುವ ಹಿಡನ್ ಆಬ್ಜೆಕ್ಟ್ ಆಟ. ಇನ್ನೊಂದು, ಗಿರಾಕಿ ಸಿಟ್ಟಾಗಿ ಎದ್ದು ಹೋಗುವುದರೊಳಗೆ ಬಡಿಸಿ ಮುಗಿಸುವ ಟೈಮ್ ಮ್ಯಾನೇಜ್‌ಮೆಂಟ್ ಆಟ. ಹುಡುಕುವುದರಲ್ಲಿ ಹಿಡನ್ ಫೋಕ್ಸ್ ಮತ್ತು ಜೂನ್ಸ್ ಜರ್ನಿ, ಎರಡೂ 2017ರವು. ಬಡಿಸುವುದರಲ್ಲಿ ಹಳೆಯ ಪಿಸಿ ಆಟ ಡೈನರ್ ಡ್ಯಾಶ್ ಮತ್ತು 2014ರ ಕುಕಿಂಗ್ ಫೀವರ್.

ನಾಲ್ಕನ್ನೂ ಅಳೆದದ್ದು ಒಂದೇ ಕೋಲಿನಿಂದ. ಸೋತಾಗ ತಪ್ಪು ಯಾರದು ಎಂದು ಆಡುವವರಿಗೆ ತಿಳಿಯುತ್ತದೆಯೇ? "ಅಯ್ಯೋ, ಇಲ್ಲೇ ಇತ್ತಲ್ಲ!" ಎಂದು ಬಾಯಿಗೆ ಬಂದರೆ ಆ ಆಟ ಸರಿಯಾಗಿದೆ. "ಇದು ಯಾರ ಕಣ್ಣಿಗೆ ಬೀಳಬೇಕು?" ಎನಿಸಿದರೆ ಮಾಡಿದವರು ಎಡವಿದ್ದಾರೆ. ಚಿತ್ರ ಚೆಂದ, ಕಥೆ ಚೆಂದ, ಸಂಗೀತ ಚೆಂದ ಎಂಬುದೆಲ್ಲ ಆಮೇಲಿನ ಮಾತು.

ಹುಡುಕುವ ಆಟ: ಕಣ್ಣಿನ ಲೆಕ್ಕ

ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿ ಮಾತ್ರ. ಕೈ ಉದ್ದಕ್ಕೆ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಎಷ್ಟೋ ಅಷ್ಟು. ಮೊಬೈಲನ್ನು 30 ಸೆಂ.ಮೀ. ದೂರ ಹಿಡಿದರೆ ಅದು ಸುಮಾರು 1 ಸೆಂ.ಮೀ. ಚೌಕವಾಗುತ್ತದೆ. ಅಡ್ಡ ಹಿಡಿದ ಪರದೆ 14 ಸೆಂ.ಮೀ. ಉದ್ದ, ಆರೂವರೆ ಸೆಂ.ಮೀ. ಅಗಲ ಎಂದುಕೊಳ್ಳಿ, 90 ಚೌಕ ಆದವು. ಕಣ್ಣು ಸೆಕೆಂಡಿಗೆ ಮೂರು ಸಲ ಜಾಗ ಬದಲಿಸುತ್ತದೆ. ಅಂದರೆ ಇಡೀ ಚಿತ್ರವನ್ನು ಒಂದು ಸುತ್ತು ಗುಡಿಸಿ ನೋಡಲು ಅರ್ಧ ನಿಮಿಷ ಬೇಕು.

ಈ ಲೆಕ್ಕದಿಂದ ಒಂದು ಒಳ್ಳೆಯ ರೂಢಿ ಸಿಗುತ್ತದೆ. ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಮಾಡುವ ಹಾಗೆ ಎಡದಿಂದ ಬಲಕ್ಕೆ ಆರು ಪಟ್ಟಿ ನೋಡಿ. ಎರಡು ಸುತ್ತು, ಅಂದರೆ ಒಂದು ನಿಮಿಷ ಕಳೆದರೂ ಸಾಮಾನು ಸಿಗಲಿಲ್ಲವೆಂದರೆ ಅದು ಕಣ್ಣಿಗೆ ಬಿದ್ದೇ ಇರುತ್ತದೆ, ತಲೆಯಲ್ಲಿ ಇಟ್ಟುಕೊಂಡ ರೂಪ ಬೇರೆ ಇರುತ್ತದೆ. ನೀವು ಉದ್ದದ ಹಾವು ಹುಡುಕುತ್ತಿದ್ದೀರಿ, ಅಲ್ಲಿ ಅದು ಸಿಂಬಿ ಸುತ್ತಿ ಮಲಗಿದೆ. ಮೂರನೇ ಸುತ್ತು ಹೊಡೆಯುವ ಮೊದಲು ರೂಪ ಬದಲಿಸಿಕೊಳ್ಳಿ: ಚಿಕ್ಕದಿರಬಹುದು, ತಲೆಕೆಳಗಾಗಿರಬಹುದು, ಅರ್ಧ ಮಾತ್ರ ಕಾಣುತ್ತಿರಬಹುದು. ಆಗಲೂ ಸಿಗದಿದ್ದರೆ ಸುಳಿವು ಒತ್ತಿ. ಎಲ್ಲೆಂದರಲ್ಲಿ ಬೆರಳು ಒತ್ತುತ್ತ ಹೋಗಬೇಡಿ. ಅದಕ್ಕೆ ದಂಡ ಹಾಕುವ ಆಟಗಳು ಸಾಕಷ್ಟಿವೆ.

ಅಡಗಿಸುವುದರಲ್ಲೂ ನ್ಯಾಯ, ಅನ್ಯಾಯ ಇದೆ. ಒಂದೇ ಲಕ್ಷಣದಲ್ಲಿ ಬೇರೆಯಾದ ವಸ್ತು ತಾನಾಗಿ ಎದ್ದು ಕಾಣುತ್ತದೆ, ಎರಡು ಲಕ್ಷಣ ಕೂಡಿಸಿ ನೋಡಬೇಕಾದಾಗ ಒಂದೊಂದನ್ನೇ ಪರೀಕ್ಷಿಸಬೇಕಾಗುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಆ್ಯನ್ ಟ್ರೈಸ್‌ಮನ್ 1980ರಲ್ಲೇ ತೋರಿಸಿದ್ದರು. ಅಡಿಕೆ ಆರಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಳಿ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ರಾಶಿಯಲ್ಲಿ ಕಪ್ಪಾದ ಒಂದು ಅಡಿಕೆ ಕೂಗಿ ಕರೆಯುತ್ತದೆ; ಕಪ್ಪಾದ ದುಂಡನೆಯವೂ ಬಿಳಿಯ ಸೊಟ್ಟಗಿನವೂ ಬೆರೆತ ರಾಶಿಯಲ್ಲಿ ಕಪ್ಪೂ ಸೊಟ್ಟವೂ ಆದ ಒಂದಕ್ಕೆ ಕೈಯಾಡಿಸಿ ಒಂದೊಂದೇ ನೋಡಬೇಕು. ಒಳ್ಳೆಯ ಆಟ ಇವೆರಡನ್ನೂ ಬೆರೆಸುತ್ತದೆ. ಮೊದಲ ನಾಲ್ಕು ಸಾಮಾನು ಬೇಗ ಸಿಕ್ಕು ಕೈ ಬಿಸಿಯಾಗಬೇಕು, ಕೊನೆಯ ಎರಡಕ್ಕೆ ಬೆವರಬೇಕು.

ಹಳೆಯ ಹವ್ಯಕ ಮನೆಯ ಅಟ್ಟವನ್ನೇ ಚಿತ್ರ ಮಾಡಿದರೆಂದು ಇಟ್ಟುಕೊಳ್ಳಿ. ಕಡಗೋಲನ್ನು ಬಿದಿರ ಗಳದ ಪಕ್ಕ ಅದೇ ಓರೆಯಲ್ಲಿ ನಿಲ್ಲಿಸಿದರೆ ಅದು ನ್ಯಾಯ; ಅದರ ತುದಿಯ ಹಲ್ಲುಗಳು ಕಾಣುತ್ತಿರುತ್ತವೆ. ಈಳಿಗೆ ಮಣೆಯನ್ನು ಮಡಚಿ ನಾಗಂದಿಗೆಯ ಮೇಲೆ ಹಲಗೆಯಂತೆ ಮಲಗಿಸಿದರೂ ನ್ಯಾಯವೇ. ಅಲಗಿನ ಅಂಚಿನ ಹೊಳಪು ಸುಳಿವು ಕೊಡುತ್ತದೆ. ಆದರೆ ಈಳಿಗೆಯ ಮುಕ್ಕಾಲು ಭಾಗವನ್ನು ಗೋಣಿಚೀಲದಡಿ ಮುಚ್ಚಿ ಮೂಲೆಯೊಂದನ್ನು ಮಾತ್ರ ಬಿಟ್ಟರೆ, ಅಥವಾ ಬಣ್ಣ ತೆಳುವಾಗಿಸಿ ಗೋಡೆಯೊಳಗೆ ಕರಗಿಸಿಬಿಟ್ಟರೆ ಅದು ಮೋಸ. ಅಡಗಿರುವ ವಸ್ತುವಿನ ಗುರುತು ಹಿಡಿಯುವ ಒಂದು ಭಾಗವಾದರೂ ಹೊರಗಿರಲೇಬೇಕು.

ಈಗ ಎರಡು ಆಟ. ಹಿಡನ್ ಫೋಕ್ಸ್ ಪೂರಾ ಕಪ್ಪುಬಿಳುಪು, ಕೈಯಲ್ಲಿ ಬರೆದ ಗೆರೆಚಿತ್ರ. ಬಣ್ಣವೇ ಇಲ್ಲದ ಮೇಲೆ ಬಣ್ಣದಲ್ಲಿ ಕರಗಿಸುವ ಮೋಸಕ್ಕೆ ಜಾಗವಿಲ್ಲ. ಗಡಿಯಾರವೂ ಇಲ್ಲ. ಹುಡುಕಬೇಕಾದವರ ಚಿತ್ರ ಕೆಳಗಿನ ಪಟ್ಟಿಯಲ್ಲಿರುತ್ತದೆ, ಒತ್ತಿದರೆ ಒಂದು ಸಾಲಿನ ಸುಳಿವು ಬರುತ್ತದೆ. ಪೊದೆ ಸರಿಸಬಹುದು, ಡೇರೆ ತೆರೆಯಬಹುದು. ಮುಟ್ಟಿದ್ದಕ್ಕೆಲ್ಲ ಬಾಯಲ್ಲಿ ಮಾಡಿದ ಸದ್ದು ಕೇಳುತ್ತದೆ. ಎಲ್ಲರೂ ಸಿಗದಿದ್ದರೂ ಸಾಕಷ್ಟು ಜನ ಸಿಕ್ಕರೆ ಮುಂದಿನ ಜಾಗ ತೆರೆಯುತ್ತದೆ, ಹಾಗಾಗಿ ಒಬ್ಬನಿಗಾಗಿ ಸಿಕ್ಕಿಬೀಳುವುದಿಲ್ಲ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು.

ಜೂನ್ಸ್ ಜರ್ನಿ 1920ರ ದಶಕದ ಪತ್ತೇದಾರಿ ಕಥೆ. ಚಿತ್ರಗಳು ನಿಜಕ್ಕೂ ಶ್ರೀಮಂತ, ಮೊದಲ ಸಲ ಒಂದು ಕೋಣೆ ತೆರೆದಾಗಿನ ಖುಷಿ ಹಿಡನ್ ಫೋಕ್ಸ್‌ಗಿಂತ ದೊಡ್ಡದು. ಆದರೆ ನಕ್ಷತ್ರ ಗಳಿಸಲು ಅದೇ ಕೋಣೆಗೆ ಮತ್ತೆಮತ್ತೆ ಬರಬೇಕು. ನಾಲ್ಕನೇ ಸಲಕ್ಕೆ ಕಣ್ಣಿನ ಕೆಲಸ ಮುಗಿದು ನೆನಪಿನ ಕೆಲಸ ಶುರುವಾಗುತ್ತದೆ: ಬೀಸಣಿಗೆ ಕುರ್ಚಿಯ ಹಿಂದೆ, ಕೀಲಿ ದೀಪದ ಬುಡದಲ್ಲಿ. ಬಾಯಿಪಾಠದಲ್ಲೂ ಒಂದು ವೇಗದ ಸುಖ ಇದೆ, ಸುಳ್ಳಲ್ಲ. ಆದರೆ ಅದು ಹುಡುಕುವ ಸುಖ ಅಲ್ಲ. ಆಡಿದಂತೆಲ್ಲ ಖರ್ಚಾಗುವ ಎನರ್ಜಿ ಮುಗಿದರೆ ಕಾಯಬೇಕು, ಇಲ್ಲ ದುಡ್ಡು ತೆರಬೇಕು. ಮುಂದಿನ ಕೋಣೆ ತೆರೆಯಲು ಆಟದೊಳಗಿನ ದ್ವೀಪವೊಂದನ್ನು ಅಲಂಕರಿಸಿ ಹೂವು ಕೂಡಿಸಬೇಕು. ಹುಡುಕಲು ಬಂದವರನ್ನು ತೋಟಗಾರಿಕೆಗೆ ಹಚ್ಚಿದಂತಾಗುತ್ತದೆ.

ಕನ್ನಡದಲ್ಲಿ ಓದಿದವರಿಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಹೇಳುವುದಿಲ್ಲ. ಪಟ್ಟಿ ಇಂಗ್ಲಿಷಿನಲ್ಲಿ ಬರುತ್ತದೆ. 'ಬ್ಯಾಟ್' ಅಂದರೆ ಬಾವಲಿಯೋ ಕ್ರಿಕೆಟ್ಟಿನದೋ, 'ಬೋ' ಅಂದರೆ ಬಿಲ್ಲೋ ರಿಬ್ಬನ್ ಗಂಟೋ? 'ಥಿಂಬಲ್' (ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿ), 'ಏಕಾರ್ನ್' (ಓಕ್ ಮರದ ಕಾಯಿ) ನಮ್ಮ ಮನೆಗಳಲ್ಲಿ ಕಂಡ ವಸ್ತುಗಳೇ ಅಲ್ಲ. ಇಲ್ಲಿ ಸೋತರೆ ತಪ್ಪು ಕಣ್ಣಿನದಲ್ಲ, ಶಬ್ದದ್ದು. ಅಮ್ಮನಿಗೋ ಅಜ್ಜಿಗೋ ಹಾಕಿಕೊಡುವುದಾದರೆ ಹೆಸರಿನ ಬದಲು ಚಿತ್ರ ಅಥವಾ ನೆರಳಿನಾಕಾರ ತೋರಿಸುವ ಆಟವನ್ನೇ ಆರಿಸಿ. ಹಿಡನ್ ಫೋಕ್ಸ್ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ.

ಬಡಿಸುವ ಆಟ: ಕಾಲಿನ ಲೆಕ್ಕ

ಕಾರವಾರದ ಮೀನೂಟದ ಹೋಟೆಲಿಗೆ ಮಧ್ಯಾಹ್ನ ಒಂದೂವರೆಗೆ ಹೋಗಿ ಒಬ್ಬ ನುರಿತ ಸಪ್ಲೈಯರನ್ನು ಗಮನಿಸಿ. ಅವನು ಓಡುವುದಿಲ್ಲ. ಒಳಗೆ ಹೋಗುವಾಗ ಕೈ ಖಾಲಿ ಇರುವುದಿಲ್ಲ, ಹೊರಗೆ ಬರುವಾಗಲೂ ಖಾಲಿ ಇರುವುದಿಲ್ಲ. ಡೈನರ್ ಡ್ಯಾಶ್ ಕಲಿಸುವುದು ಇದನ್ನೇ.

ಒಂದು ಟೇಬಲ್ಲಿಗೆ ಆರು ಕೆಲಸ: ಕೂರಿಸು, ಆರ್ಡರ್ ತಗೋ, ಚೀಟಿ ಅಡುಗೆಮನೆಗೆ ಮುಟ್ಟಿಸು, ತಟ್ಟೆ ತಂದಿಡು, ಬಿಲ್ಲಿನ ದುಡ್ಡು ತಗೋ, ಎಂಜಲು ತಟ್ಟೆ ಎತ್ತು. ಕೂರಿಸುವುದು ಬಿಟ್ಟರೆ ಟೇಬಲ್ಲಿಗೂ ಒಳಗಿನ ಕಟ್ಟೆಗೂ ನಡುವೆ ಮೂರು ನಡಿಗೆ: ಚೀಟಿಗೆ ಒಂದು, ತಟ್ಟೆಗೆ ಒಂದು, ಎಂಜಲಿಗೆ ಒಂದು. ಎರಡು ಟೇಬಲ್ಲನ್ನು ಒಂದಾದ ಮೇಲೊಂದು ಮುಗಿಸಿದರೆ ಆರು ನಡಿಗೆ. ಎರಡನ್ನೂ ಜೋಡಿಸಿದರೆ, ಅಂದರೆ ಎರಡೂ ಆರ್ಡರ್ ತಗೊಂಡು ಒಟ್ಟಿಗೆ ಚೀಟಿ ಕೊಟ್ಟು, ಎರಡು ಕೈಗೆ ಎರಡು ಟೇಬಲ್ಲಿನ ಊಟ ಹಿಡಿದು, ಎರಡರ ದುಡ್ಡು ಸಾಲಾಗಿ ತಗೊಂಡು, ಎಂಜಲನ್ನೂ ಒಟ್ಟಿಗೆ ಎತ್ತಿದರೆ ಮೂರೇ ನಡಿಗೆ. ಅರ್ಧ ಉಳಿಯಿತು. ಮೇಲಿಂದ ಒಂದೇ ಬಗೆಯ ಕೆಲಸವನ್ನು ಬೆನ್ನುಬೆನ್ನಿಗೆ ಮಾಡಿದರೆ ಆಟ ಹೆಚ್ಚು ಅಂಕ ಕೊಡುತ್ತದೆ. ನಡುವೆ ಬೇರೆ ಕೆಲಸಕ್ಕೆ ಕೈ ಹಾಕಿದರೆ ಸರಪಳಿ ಕಡಿಯಿತು.

ಕೆಡುವುದು ಎಲ್ಲಿ? ಸರಪಳಿಯ ಆಸೆಗೆ ಮೂರನೇ ಟೇಬಲ್ಲನ್ನೂ ಕಾಯುತ್ತ ನಿಂತಲ್ಲಿ. ಮೊದಲ ಟೇಬಲ್ಲಿನವರ ತಾಳ್ಮೆ ತೋರಿಸುವ ಹೃದಯಗಳು ಒಂದೊಂದಾಗಿ ಆರುತ್ತವೆ. ವಯಸ್ಸಾದ ಗಿರಾಕಿ ಕಾಯುತ್ತಾರೆ, ಆಫೀಸಿನ ಗಡಿಬಿಡಿಯವರು ಕಾಯುವುದಿಲ್ಲ. ಜೋಡಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ: ತಾಳ್ಮೆ ಕಡಿಮೆ ಇರುವವರು ಯಾರೋ ಅವರ ಹೊತ್ತಿಗೆ ಸರಪಳಿ ಶುರು, ತಾಳ್ಮೆ ಇರುವವರನ್ನು ಅದಕ್ಕೆ ಸೇರಿಸಿ. ಕೂರಿಸುವಾಗ ಕುರ್ಚಿಯ ಬಣ್ಣಕ್ಕೆ ಬಟ್ಟೆಯ ಬಣ್ಣ ಹೊಂದಿಸಿದರೆ ಅಂಕ ಜಾಸ್ತಿ, ಆದರೆ ಬಣ್ಣಕ್ಕಾಗಿ ಇಬ್ಬರನ್ನು ನಾಲ್ಕರ ಟೇಬಲ್ಲಿಗೆ ಹಾಕಿದರೆ ಮುಂದೆ ಬರುವ ನಾಲ್ವರಿಗೆ ಜಾಗ ಇಲ್ಲದಾಗುತ್ತದೆ. ಇಲ್ಲಿ ಪ್ರತಿ ಸೋಲಿನ ಕಾರಣವೂ ಕಣ್ಣೆದುರಿಗೆ ನಡೆಯುತ್ತದೆ. ಅದಕ್ಕೇ ಮತ್ತೆ ಆಡಬೇಕೆನಿಸುತ್ತದೆ.

ಕುಕಿಂಗ್ ಫೀವರ್‌ನಲ್ಲಿ ನಡಿಗೆ ಇಲ್ಲ, ಒಲೆ ಇದೆ. ಗಿರಾಕಿ ಬರುವ ಮೊದಲೇ ತಟ್ಟೆಗಳಲ್ಲೆಲ್ಲ ಬನ್ನು ಇಟ್ಟು, ಒಲೆಗಳನ್ನೆಲ್ಲ ತುಂಬಿಸಿಡುವುದು ಮೊದಲ ಪಾಠ. ಬೆಂದದ್ದನ್ನು ಒಲೆಯ ಮೇಲೆ ಮರೆತರೆ ಸೀದು ಹೋಗುತ್ತದೆ, ಬುಟ್ಟಿಗೆ ಎಸೆಯಬೇಕು. ತುಂಬಿಸುವಾಗಲೂ ಎರಡು ಒಲೆಗೆ ಒಂದೇ ಗಳಿಗೆಯಲ್ಲಿ ಹಾಕಬೇಡಿ, ಒಂದು ಅರ್ಧ ಬೆಂದಾಗ ಇನ್ನೊಂದಕ್ಕೆ ಹಾಕಿ; ಆಗ ಎರಡೂ ಒಟ್ಟಿಗೆ ಸೀಯುವ ಭಯವಿಲ್ಲ. ಕೈಗೆ ಲಯ ಸಿಕ್ಕಾಗಿನ ಖುಷಿ ಮಾತ್ರ ಡೈನರ್ ಡ್ಯಾಶ್‌ಗಿಂತ ಬೇಗ ಬರುತ್ತದೆ, ಒಪ್ಪಲೇಬೇಕು.

ತಕರಾರು ಬೇರೆ ಕಡೆ. ಒಲೆ, ತಟ್ಟೆ, ಒಳಾಂಗಣ ಸುಧಾರಿಸಲು ನಾಣ್ಯ ಸಾಲದು, ರತ್ನಗಳೂ ಬೇಕು. ರತ್ನ ತಟಕುತಟಕಾಗಿ ಸಿಗುತ್ತವೆ, ಇಲ್ಲ ದುಡ್ಡಿಗೆ ಸಿಗುತ್ತವೆ. ಹಾಗಾಗಿ ಹಂತ ಸೋತಾಗ ತಪ್ಪು ಕೈಯದೋ ಒಲೆಯದೋ ಎಂಬುದು ಮಸುಕಾಗುತ್ತದೆ. ಇದನ್ನು ತಿಳಿಯುವ ಉಪಾಯ ಒಂದಿದೆ. ಅದೇ ಹಂತವನ್ನು ಮೂರು ಸಲ ಆಡಿ, ಗಿರಾಕಿ ಎದ್ದು ಹೋದ ಪ್ರತಿ ಸಲವೂ ಆ ಗಳಿಗೆಯಲ್ಲಿ ಒಲೆ ಖಾಲಿ ಇತ್ತೇ ಎಂದು ನೋಡಿ. ಖಾಲಿ ಇದ್ದರೆ ತಪ್ಪು ನಿಮ್ಮದು, ತಿದ್ದಿಕೊಳ್ಳಬಹುದು. ಎಲ್ಲ ಒಲೆಯೂ ತುಂಬಿ ಬೇಯುತ್ತಿದ್ದೂ ಗಿರಾಕಿ ಹೋದರೆ ಎಷ್ಟು ಆಡಿದರೂ ಅಷ್ಟೆ; ಸಾಮಾನು ಸುಧಾರಿಸಬೇಕು. ಸುಧಾರಿಸುವಾಗ ಮೊದಲು ಒಲೆಯ ವೇಗ, ಆಮೇಲೆ ತಟ್ಟೆಗಳ ಸಂಖ್ಯೆ. ಅಲಂಕಾರ ಕೊನೆಗೆ.

ಬಸ್ಸು, ಬೆವರು, ನೆಟ್‌ವರ್ಕು

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಎರಡೂ ಬೇಡ. ಸಣ್ಣ ಗೆರೆಗಳನ್ನು ದಿಟ್ಟಿಸಿದರೆ ತಿರುವುಗಳಲ್ಲಿ ತಲೆ ತಿರುಗುತ್ತದೆ, ಬಡಿಸುವ ಆಟದಲ್ಲಿ ಬೆರಳು ಪಕ್ಕದ ಟೇಬಲ್ಲಿಗೆ ಬೀಳುತ್ತದೆ. ಹೊರಡುವ ಮುನ್ನ ಫ್ಲೈಟ್ ಮೋಡ್ ಹಾಕಿ ಆಟ ತೆರೆದು ನೋಡಿ. ತೆರೆದು ಒಂದು ಹಂತ ಪೂರ್ತಿ ಮುಗಿದರೆ ಮಾತ್ರ ಅದನ್ನು ದಾರಿಗೆ ನಂಬಬಹುದು. ಹಿಡನ್ ಫೋಕ್ಸ್‌ಗೆ ನೆಟ್ ಬೇಡ. ಜೂನ್ಸ್ ಜರ್ನಿಗೆ ಬೇಕು.

ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಬೆರಳು ಬೆವರುತ್ತದೆ. ಒದ್ದೆ ಪರದೆ ಒಂದು ಒತ್ತನ್ನು ಎರಡು ಮಾಡುತ್ತದೆ, ಇಲ್ಲವೇ ನುಂಗಿಬಿಡುತ್ತದೆ. ಹುಡುಕುವ ಆಟದಲ್ಲಿ ಒರೆಸಿಕೊಂಡು ಮತ್ತೆ ಒತ್ತಿದರಾಯಿತು. ಕುಕಿಂಗ್ ಫೀವರ್‌ನಲ್ಲಿ ಅಷ್ಟರಲ್ಲಿ ಒಲೆಯ ಮೇಲಿನದು ಸೀದು ಹೋಗಿರುತ್ತದೆ. ಪಕ್ಕದಲ್ಲಿ ಒಂದು ಒಣ ಹತ್ತಿ ಬಟ್ಟೆ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಹಾಗಾಗಿ ರಾತ್ರಿ ಮಲಗುವ ಮುಂಚೆ, ಅಥವಾ ಇಬ್ಬರು ಒಂದೇ ಪರದೆಗೆ ಬಗ್ಗಿ ಕೂರುವುದಾದರೆ ಹಿಡನ್ ಫೋಕ್ಸ್. ಹತ್ತು ನಿಮಿಷ ಮೈ ಚುರುಕಾಗಬೇಕೆಂದರೆ, ಪಿಸಿ ಇದ್ದರೆ, ಡೈನರ್ ಡ್ಯಾಶ್. ಕುಕಿಂಗ್ ಫೀವರ್ ಮೊದಲ ಹೋಟೆಲಿನವರೆಗೆ ಧಾರಾಳ ಆಡಿ, ರತ್ನ ಕೇಳತೊಡಗಿದಾಗ ನಿಲ್ಲಿಸಿ. ಜೂನ್ಸ್ ಜರ್ನಿಯನ್ನು ಕಥೆ ಮತ್ತು ಚಿತ್ರ ಇಷ್ಟಪಡುವವರು ದಿನಕ್ಕೊಂದು ಹೊಸ ಕೋಣೆಯಂತೆ ಇಟ್ಟುಕೊಳ್ಳಬಹುದು.

ಎರಡೂ ಬಗೆ ಒಟ್ಟಿಗೆ ಬೇಕೆನ್ನುವವರು ಡೆಲಿಶಿಯಸ್ ಸರಣಿಯ ಎಮಿಲಿ ಆಟಗಳನ್ನು ನೋಡಿ. ಅಲ್ಲಿ ಟ್ರೇ ತುಂಬಿ ಗಿರಾಕಿಗಳಿಗೆ ಬಡಿಸುತ್ತಿರುವಾಗಲೇ ಹಂತದಲ್ಲೊಮ್ಮೆ ಎಲ್ಲೋ ಒಂದು ಪುಟ್ಟ ಇಲಿ ತಲೆ ಹಾಕುತ್ತದೆ. ಅದನ್ನು ಹಿಡಿಯಬೇಕಾದರೆ ಗಿರಾಕಿಯ ಮುಖದಿಂದ ಕಣ್ಣು ತೆಗೆಯಬೇಕು. ಟ್ರೇ ತುಂಬಿಸಿಕೊಂಡು ಟೇಬಲ್ಲಿನ ಕಡೆ ಎಮಿಲಿ ನಡೆಯುತ್ತಿರುವ ಆ ಎರಡು ಸೆಕೆಂಡು ಕೈಗೆ ಕೆಲಸವಿರುವುದಿಲ್ಲ. ಇಲಿ ಹುಡುಕಲು ಅದೇ ಹೊತ್ತು.