ಒಂದೇ ಕಂತು, ತಿಂಗಳ ಬಾಡಿಗೆ, ವರ್ಷದ ಚಂದಾ: ಮಂಡಿಗಳಿಗೆ ತಂತ್ರಾಂಶ ಮಾರಿದ ಲೆಕ್ಕ

ಸಾಲವಿಲ್ಲದೆ, ಹೂಡಿಕೆದಾರರ ಹಂಗಿಲ್ಲದೆ ಸಣ್ಣದೊಂದು ತಂತ್ರಾಂಶ ಮಾಡಿ ಮಾರಲು ಹೊರಟವರು ಹೊರಗಿನ ಹೂಡಿಕೆಯಿಲ್ಲದೆ ಬೆಳೆದ ಜೊಹೊ, ಝೆರೋಧಾ ಕಂಪನಿಗಳ ಹೆಸರು ಹೇಳಿ ಧೈರ್ಯ ತಂದುಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಕೈಯಲ್ಲಿರುವುದು ಒಂದು ಲ್ಯಾಪ್‌ಟಾಪ್ ಮತ್ತು ಮುಂದಿನ ತಿಂಗಳ ಬಾಡಿಗೆಯ ಚಿಂತೆ ಎಂದಾಗ, ದುಡ್ಡನ್ನು ಯಾವ ರೂಪದಲ್ಲಿ ವಸೂಲು ಮಾಡುತ್ತೀರಿ ಎಂಬುದೇ ವರ್ಷವಿಡೀ ನೀವು ಯಾವ ಕೆಲಸ ಮಾಡುತ್ತೀರಿ ಎಂಬುದನ್ನೂ ತೀರ್ಮಾನಿಸುತ್ತದೆ. ನಾನು ಶಿವಮೊಗ್ಗದ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವವನು. ಚೀಲದ ತೂಕ, ರಾಶಿ, ಬೆಟ್ಟೆ, ಗೊರಬಲು ಎಂಬ ತರಗತಿ, ಹಮಾಲಿ, ಮಾರುಕಟ್ಟೆ ಶುಲ್ಕ, ಬೆಳೆಗಾರ ಮೊದಲೇ ಪಡೆದ ಮುಂಗಡ, ಅದರ ಬಡ್ಡಿ, ಎಲ್ಲವನ್ನೂ ಕೂಡಿ ಕಳೆದು ಒಂದು ಪಟ್ಟಿ ಮುದ್ರಿಸುವುದು ಅದರ ಕೆಲಸ. ಇದನ್ನು ಮೂರು ಬಗೆಯಲ್ಲಿ ಮಾರಿ ನೋಡಿದ್ದೇನೆ: ಒಂದೇ ಕಂತಿನಲ್ಲಿ 18,000 ರೂಪಾಯಿ, ತಿಂಗಳಿಗೆ 600, ವರ್ಷಕ್ಕೆ 6,000.

ಒಂದೇ ಕಂತಿನ ಮಾರಾಟವನ್ನು ಹೀಗಳೆಯುವುದು ಈಗಿನ ರೂಢಿ. ನಾನು ಹೀಗಳೆಯುವುದಿಲ್ಲ. ನನಗೆ ಬಂಡವಾಳ ಕೊಟ್ಟವರು ಆ ಮೊದಲ ಗಿರಾಕಿಗಳೇ. ತಿಂಗಳಿಗೆ 600ರಂತೆ ಅದೇ 18,000 ಕೈಸೇರಲು ಎರಡೂವರೆ ವರ್ಷ ಬೇಕು. ಅಷ್ಟರೊಳಗೆ ನಾನು ಅಂಗಡಿ ಮುಚ್ಚಿ ಬೆಂಗಳೂರಿನ ಬಸ್ ಹತ್ತಿರುತ್ತಿದ್ದೆ. ಮಂಡಿಯವರಿಗೂ ಇದು ಒಗ್ಗುವ ವ್ಯವಹಾರ. ತಕ್ಕಡಿ ಕೊಂಡಂತೆ ತಂತ್ರಾಂಶವನ್ನೂ ಕೊಳ್ಳುತ್ತಾರೆ, ಒಮ್ಮೆ ಚೌಕಾಸಿ ಮಾಡಿ ಕೈ ತೊಳೆದುಕೊಳ್ಳುತ್ತಾರೆ.

ತೊಂದರೆ ಶುರುವಾಗುವುದು ಆಮೇಲೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಹಳೆಯ ವ್ಯಾಟ್ ಲೆಕ್ಕವನ್ನು ಕಿತ್ತು ಹೊಸದನ್ನು ಕೂರಿಸಬೇಕಾಯಿತು, ಪ್ರತಿಯೊಬ್ಬ ಗಿರಾಕಿಗೂ, ಪುಕ್ಕಟೆಯಾಗಿ. 2023ರ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೂ, ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಒಳ್ಳೆಯ ಮಂಡಿಯೊಂದಕ್ಕೆ 5 ಕೋಟಿ ದೊಡ್ಡ ಮೊತ್ತವೇನಲ್ಲ. ಮತ್ತೆ ಅದೇ ಕಥೆ. ಸರ್ಕಾರ ನಿಯಮ ಬದಲಿಸಿದಾಗಲೆಲ್ಲ ನನಗೆ ಕೂಲಿಯಿಲ್ಲದ ದುಡಿಮೆ. ‘ನಿಮ್ಮ ಹತ್ತಿರವೇ ತಾನೇ ತೆಗೆದುಕೊಂಡದ್ದು’ ಎನ್ನುವವರಿಗೆ ಎದುರಾಡಲು ಬಾಯಿ ಬರುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ನಿಂತಿತು, ಆದರೆ ಅದರ ಮೇಲೆ ಓಡುವ ನನ್ನ ತಂತ್ರಾಂಶಕ್ಕೆ ನನ್ನ ಬೆಂಬಲ ನಿಲ್ಲುವಂತಿಲ್ಲ. ಡಾಟ್ ಮ್ಯಾಟ್ರಿಕ್ಸ್ ಮುದ್ರಕದಲ್ಲಿ ರಿಬ್ಬನ್ ಒಣಗಿ ಕನ್ನಡದ ಒತ್ತಕ್ಷರ ಮಸುಕಾದರೂ ಫೋನ್ ಬರುವುದು ನನಗೇ. ಹೊಸ ಗಿರಾಕಿ ಸಿಗದ ತಿಂಗಳಲ್ಲಿ ವರಮಾನ ಸೊನ್ನೆ, ಫೋನ್ ಮಾತ್ರ ಎಂದಿನಂತೆ.

ಇದಕ್ಕೆ ಮದ್ದು ತಿಂಗಳ ಬಾಡಿಗೆ ಎಂದು ಎಲ್ಲರೂ ಹೇಳುತ್ತಾರೆ. ಕಾಗದದ ಮೇಲೆ ಇದರಷ್ಟು ಚೆಂದದ್ದು ಬೇರೊಂದಿಲ್ಲ. ಯುಪಿಐ ಆಟೋಪೇ ಇದೆ, ಒಮ್ಮೆ ಒಪ್ಪಿಗೆ ಕೊಟ್ಟರೆ ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, 15,000 ರೂಪಾಯಿಯವರೆಗಿನ ಕಂತಿಗೆ ಪ್ರತಿಸಲ ಅನುಮತಿ ಕೇಳುವ ಗೋಜಿಲ್ಲ. ಆದರೆ ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಗ್ರಾಹಕರ ದೃಷ್ಟಿಯಿಂದ ಒಳ್ಳೆಯ ನಿಯಮವೇ, ನಾನೂ ಬೇರೆಯವರ ಗ್ರಾಹಕ ತಾನೇ. ಮಾರುವವನ ಪಾಡು ಬೇರೆ. ಪ್ರತಿ ತಿಂಗಳೂ ಆ ಸಂದೇಶ ಮಂಡಿ ಯಜಮಾನರ ಮೊಬೈಲಿಗೆ ಹೋಗಿ ‘ಇದು ಬೇಕೇ?’ ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ. ಕೊಯ್ಲಿನ ಕಾಲದಲ್ಲಿ ಅದನ್ನು ಓದಲು ಅವರಿಗೆ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಆವಕ ಕಡಿಮೆಯಾಗಿ ಗಲ್ಲಾದ ಮುಂದೆ ಸುಮ್ಮನೆ ಕುಳಿತಾಗ ಚೆನ್ನಾಗಿ ಓದುತ್ತಾರೆ. ‘ತಮ್ಮಾ, ವ್ಯಾಪಾರವೇ ಇಲ್ಲದ ತಿಂಗಳಿಗೆ ದುಡ್ಡು ಯಾಕಪ್ಪಾ?’ ಎಂದು ಒಬ್ಬ ಹಿರಿಯರು ಕೇಳಿದ್ದರು. ಹೇಳಲು ನನ್ನ ಬಳಿ ಉತ್ತರವಿತ್ತು, ಅವರ ಪ್ರಶ್ನೆ ಅದಕ್ಕಿಂತ ಚೆನ್ನಾಗಿತ್ತು.

ಇನ್ನೂ ಒಂದು ತೊಡಕು. ಪಾಲುದಾರಿಕೆ ಸಂಸ್ಥೆಯ ಚಾಲ್ತಿ ಖಾತೆಗೆ ಇಬ್ಬರ ಸಹಿ ಬೇಕೆಂದಿದ್ದರೆ ಅಲ್ಲಿ ಆಟೋಪೇ ನಡೆಯುವುದಿಲ್ಲ. ಆಗ ಯಜಮಾನರ ಮಗ ತನ್ನ ಸ್ವಂತ ಖಾತೆಯಿಂದ ಒಪ್ಪಿಗೆ ಕೊಡುತ್ತಾನೆ, ಲೆಕ್ಕಪರಿಶೋಧಕರು ಅದನ್ನು ಪ್ರಶ್ನಿಸುತ್ತಾರೆ, ಒಪ್ಪಿಗೆ ರದ್ದಾಗುತ್ತದೆ. ಮಧ್ಯೆ ನಿಂತ ಪಾವತಿ ಕಂಪನಿಯ ಶುಲ್ಕವೂ ಇದೆ. ಶೇ 2 ಎಂದು ಹಿಡಿದರೂ 600ಕ್ಕೆ 12 ರೂಪಾಯಿ, ಆ 12ರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಹಣ ಹೋದದ್ದಕ್ಕಿಂತ, ವಿಫಲವಾದ ಕಂತುಗಳ ಬೆನ್ನು ಹತ್ತಿ ಫೋನ್ ಮಾಡುವುದರಲ್ಲಿ ಹೋದ ಸಮಯವೇ ದುಬಾರಿ. ಊರ ತುಂಬ ನೌಕರದಾರರೇ ಗಿರಾಕಿಗಳಾಗಿದ್ದರೆ ಈ ಪದ್ಧತಿ ನಡೆಯುತ್ತದೆ. ಅವರಿಗೆ ವರಮಾನವೇ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಮಂಡಿಗೆ ಹಾಗಲ್ಲ.

ವರ್ಷದ ಚಂದಾವನ್ನು ಯಾರಿಗೂ ಹೊಸದಾಗಿ ತಿಳಿಸಿ ಹೇಳಬೇಕಾಗಲಿಲ್ಲ. 1986ರಲ್ಲಿ ಶುರುವಾದ ಬೆಂಗಳೂರಿನ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಎಲ್ಲರ ಮೇಜಿನ ಮೇಲೂ ಇದೆ. ಅದರ ಪರವಾನಗಿ ಶಾಶ್ವತ, ಹೊಸ ಆವೃತ್ತಿ ಬೇಕಾದರೆ ಮಾತ್ರ ವರ್ಷಕ್ಕೊಮ್ಮೆ ನವೀಕರಣ. ‘ಟ್ಯಾಲಿ ರಿನ್ಯೂವಲ್ ಇದ್ದಹಾಗೆ ತಾನೇ?’ ಎಂದರು, ಹೌದೆಂದೆ, ಮುಗಿಯಿತು. ನವೀಕರಣದ ದಿನವನ್ನು ನಾನು ಗಿರಾಕಿ ಸೇರಿದ ದಿನಕ್ಕೆ ಕಟ್ಟಿಹಾಕಲಿಲ್ಲ. ಎಲ್ಲರದ್ದನ್ನೂ ದೀಪಾವಳಿಯ ನಂತರಕ್ಕೆ ತಂದೆ. ಲಕ್ಷ್ಮೀ ಪೂಜೆ ಮಾಡಿ ಹೊಸ ಪುಸ್ತಕ ತೆರೆದಿರುತ್ತಾರೆ, ಅಂಗಳಕ್ಕೆ ಚೀಲ ಬರತೊಡಗಿರುತ್ತದೆ, ಪಟ್ಟಿ ಮುದ್ರಣವಾಗದೆ ಒಂದು ದಿನವೂ ಸಾಗುವುದಿಲ್ಲ. ಆಗ 6,000 ಯಾರಿಗೂ ಭಾರವೆನಿಸುವುದಿಲ್ಲ. ಮೊತ್ತ ಒಂದೇ ಸಲದ್ದಾದ್ದರಿಂದ ಚೆಕ್ ಆಗುತ್ತದೆ, ಕ್ಯೂಆರ್ ಸಂಕೇತವೂ ಆಗುತ್ತದೆ. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಬರುವ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವೇ ಇಲ್ಲ.

ಇದರಲ್ಲೂ ಎಚ್ಚರ ಬೇಕಾದ ಒಂದು ಜಾಗವಿದೆ. ಜಿಎಸ್‌ಟಿ ನೋಂದಣಿ ಇದ್ದರೆ, ತೆರಿಗೆ ಬಿಲ್ ಹರಿದ ಕ್ಷಣದಿಂದಲೇ ಶೇ 18 ನಿಮ್ಮ ಹೊಣೆ, ಗಿರಾಕಿ ಹಣ ಕೊಟ್ಟಿರಲಿ ಬಿಡಲಿ. ದೀಪಾವಳಿಗೆ ಎಲ್ಲರಿಗೂ ಒಟ್ಟಿಗೆ ಬಿಲ್ ಕಳಿಸಿದರೆ ಮುಂದಿನ ತಿಂಗಳು ಕಿಸೆಯಿಂದ ತೆರಿಗೆ ಕಟ್ಟಬೇಕಾದೀತು. ಹಾಗಾಗಿ ಮೊದಲು ಹೋಗುವುದು ಪ್ರೊಫಾರ್ಮಾ (ತೆರಿಗೆ ಬಿಲ್ ಅಲ್ಲದ, ಮೊತ್ತ ತಿಳಿಸುವ ಚೀಟಿ) ಮಾತ್ರ, ಹಣ ಬಂದ ದಿನ ತೆರಿಗೆ ಬಿಲ್. (ಸೇವೆಯ ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿಯೇ ಬೇಕಿಲ್ಲ, ಮೊದಲ ವರ್ಷಗಳಲ್ಲಿ ಆ ಸೌಲಭ್ಯವನ್ನು ಬಿಡಬೇಡಿ.)

ಯಾರ ಮೂಲಕ ಮಾರಿದೆ ಎಂಬುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರ್ ಅಂಗಡಿಯವರು ಕಮಿಷನ್‌ಗೆ ಒಪ್ಪಿದರು, ದೂರು ಬಂದಾಗ ನನ್ನ ನಂಬರ್ ಕೊಟ್ಟು ಸುಮ್ಮನಾದರು. ತೆರಿಗೆ ಸಲಹೆಗಾರರು ಕಮಿಷನ್ ಕೇಳದೆಯೇ ಗಿರಾಕಿಗಳನ್ನು ಕಳಿಸಿದರು, ಏಕೆಂದರೆ ತಿಂಗಳ ರಿಟರ್ನ್‌ಗೆ ಬೇಕಾದ ಫೈಲು ಅವರಿಗೆ ಸಿದ್ಧವಾಗಿ ಸಿಗುತ್ತಿತ್ತು.

ಈಗ ಹೊಸ ಮಂಡಿಗಳಿಗೆಲ್ಲ ವರ್ಷದ ಚಂದಾ. ತಿಂಗಳ ಬಾಡಿಗೆಯನ್ನು ನಿಲ್ಲಿಸಿದ್ದೇನೆ. ಒಂದೇ ಕಂತನ್ನು ಸಹಕಾರ ಸಂಘಗಳಿಗೆ ಮಾತ್ರ ಉಳಿಸಿಕೊಂಡಿದ್ದೇನೆ. ಅಲ್ಲಿ ಕೊಟೇಶನ್, ಆಡಳಿತ ಮಂಡಳಿಯ ಠರಾವು, ಆಡಿಟ್ ಎಲ್ಲವೂ ಇದ್ದು, ಒಮ್ಮೆ ಖರೀದಿಸಿದ್ದನ್ನು ಒಪ್ಪುತ್ತಾರೆ, ವರ್ಷ ವರ್ಷ ಠರಾವು ಮಾಡಿಸುವುದು ಕಾರ್ಯದರ್ಶಿಗೂ ಬೇಡದ ತಲೆನೋವು. ಅವರ ಬೆಲೆಯಲ್ಲಿ ಮೊದಲ ಮೂರು ವರ್ಷದ ನಿರ್ವಹಣೆ ಸೇರಿರುತ್ತದೆ, ನಾಲ್ಕನೆಯ ವರ್ಷದ ದರವನ್ನು ಕೊಟೇಶನ್‌ನಲ್ಲೇ ಅಚ್ಚು ಹಾಕಿ ಸಹಿ ಮಾಡಿಸಿಕೊಳ್ಳುತ್ತೇನೆ.