ಮುಂಬೈ ಹತ್ತಿರದ ಡೊಂಬಿವಲಿಯ ಚರ್ಮದ ಕ್ಲಿನಿಕ್: ಕಾಯಿಸ್ತಾರೆ, ಆದ್ರೆ ಸರಿಯಾಗಿ ನೋಡ್ತಾರೆ

ತಮ್ಮನ ಗಡ್ಡದ ಜಾಗದಲ್ಲಿ ಚಪ್ಪಟೆ ನರಹುಲಿ ಎದ್ದಿದ್ದವು. ಸಾಸಿವೆ ಕಾಳಿನಷ್ಟು ಸಣ್ಣವು, ನೋಡಿದರೆ ಮೊಡವೆ ಅನ್ನಬೇಕು. ಸ್ಟೇಷನ್ ಪೂರ್ವದ ಈ ಕ್ಲಿನಿಕ್‌ನ ಡಾಕ್ಟರಮ್ಮ ಲೆನ್ಸ್ ಹಿಡಿದು ನೋಡಿ, ರೇಜರ್ ಓಡಿದ ದಾರಿಯಲ್ಲೇ ಅವು ಗೆರೆ ಎಳೆದಂತೆ ಸಾಲಾಗಿ ನಿಂತಿರುವುದನ್ನು ಕನ್ನಡಿಯಲ್ಲಿ ತೋರಿಸಿದರು. ಇದು ಎಚ್‌ಪಿವಿ ವೈರಸ್‌ನ ಕೆಲಸವಂತೆ, ಶೇವ್ ಮಾಡುವಾಗ ಆಗುವ ಸಣ್ಣ ಗಾಯಗಳಲ್ಲಿ ಹರಡುತ್ತದೆ. ಸದ್ಯಕ್ಕೆ ರೇಜರ್ ಬಿಡಿ, ಟವೆಲ್ ಬೇರೆ ಇಟ್ಟುಕೊಳ್ಳಿ ಅಂದರು. ನಾವು ಧಾರವಾಡದ ಕಡೆಯವರು ಅಂತ ಗೊತ್ತಾದ ಮೇಲೆ ಮಾತೆಲ್ಲ ಕನ್ನಡದಲ್ಲೇ. ಅಮ್ಮನಿಗೆ ಅದೇ ಖುಷಿ!

ನನಗೆ ಹಿಡಿಸಿದ್ದು, ಸುಡೋದು ಗಿಡೋದು ಅಂತ ಸುಮ್ನೆ ದುಡ್ಡು ಕೀಳಲಿಲ್ಲ. ಇವು ಎಷ್ಟೋ ಸಲ ತಾವಾಗೇ ಹೋಗುತ್ತವೆ, ಮುಖದ ಮೇಲೆ ಸುಟ್ಟರೆ ಕಲೆ ಉಳಿಯಬಹುದು ಅಂತ ಹೇಳಿ, ರಾತ್ರಿ ಹಚ್ಚಲು ಟ್ರೆಟಿನಾಯಿನ್ ಅನ್ನುವ, ವಿಟಮಿನ್ ಎ ಜಾತಿಯ ಕ್ರೀಮ್ ಬರೆದರು. ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ. ಹಗಲು ಸನ್‌ಸ್ಕ್ರೀನ್ ಬೇಕೇ ಬೇಕು. ಬಸುರಿಯರು ಈ ಕ್ರೀಮ್ ಹಚ್ಚಬಾರದು. ಕಾಲಿನ ಆಣಿಗೆ ಹಾಕುವ ಔಷಧಿಯನ್ನಂತೂ ಮುಖಕ್ಕೆ ಹಚ್ಚಲೇಬೇಡಿ. ಗುಣ ನಿಧಾನ, ಆದರೆ ಹೊಸದು ಎದ್ದಿಲ್ಲ.

ಅಪಾಯಿಂಟ್‌ಮೆಂಟ್ ಇದ್ದರೂ ಜಾಸ್ತಿ ಕಾಯಿಸುತ್ತಾರೆ. ಶನಿವಾರ ಸಂಜೆ ಹೋದರೆ ಕೂರೋಕೂ ಜಾಗ ಇರಲ್ಲ.